ಹತ್ತು ನಿಮಿಷ ತಡೆದ ಚೀಟಿ

"ಮಗಳ್ ಹತ್ರ ಒಂದ್ ಮಾತ್ ಹೇಳಿ ಹೋತೆ ಮಗಾ, ರೈಲಿಗ್ ಹೊತ್ತಾಯ್ತ್," ಎಂದರು ಗೆಳತಿ ಸುಮಾಳ ಅಪ್ಪ. ಮುಂಬಯಿಯ ಹೋಟೆಲ್ ಕೆಲಸಕ್ಕೆ ಮರಳಿ ಹೊರಟಿದ್ದರು.

ಕುಂದಾಪುರದ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನವದು. ಒಂದು ಕೋಣೆಯನ್ನೇ ಮಂಗಳ ಗ್ರಹದಲ್ಲಿಳಿದ ನೌಕೆ ಮಾಡಿದ್ದೆವು. ಒಳಗೆ ಸುಮಾ ಗಗನಯಾತ್ರಿ. ಹೊರಗೆ ಸ್ವಯಂಸೇವಕಿಯಾದ ನಾನೇ ಭೂಮಿ. ಅಷ್ಟು ದೂರಕ್ಕೆ ಮಾತು ತಲುಪಲು ಹೊತ್ತು ಬೇಕಲ್ಲ, ಹಾಗಾಗಿ ಪ್ರತಿ ಚೀಟಿಯನ್ನೂ ಹತ್ತು ನಿಮಿಷ ತಡೆದು ಒಳಗೆ ಕಳಿಸುವ ನಿಯಮ ಮಾಡಿದ್ದೆ. ಅವರ ಮಾತನ್ನೂ ಚೀಟಿಯಲ್ಲಿ ಬರೆದು ಗಡಿಯಾರ ನೋಡುತ್ತ ಕುಳಿತೆ. ಚೀಲ ಕಾಲಬುಡದಲ್ಲಿಟ್ಟು ಅವರು ಸ್ವಲ್ಪ ಹೊತ್ತು ಕಾದರು, ಹತ್ತು ನಿಮಿಷ ತುಂಬುವ ಮೊದಲೇ ರೈಲಿಗೆ ಹೊರಟರು. ಚೀಟಿ ಕೈಸೇರಿದ್ದೇ ಸುಮಾ, "ಅಪ್ಪಯ್ಯಾ, ನಿಲ್ಲಿ, ಬಂದೆ!" ಎನ್ನುತ್ತ ಓಡಿ ಬಂದಳು. ಅಂಗಳ ಖಾಲಿಯಿತ್ತು.

ಅವರು ಮತ್ತೆ ಊರಿಗೆ ಬಂದದ್ದು ಎರಡು ವರ್ಷದ ಮೇಲೆ. ಆ ಕೋಣೆಯ ಬಾಗಿಲು ನನ್ನ ಮೇಜಿನಿಂದ ನಾಲ್ಕೇ ಹೆಜ್ಜೆ ದೂರವಿತ್ತು.