ಅಕ್ಕನ ಗಾಡಿಗೆ ಕ್ಲಚ್ಚು

ಊರಿನ ಮೆಕ್ಯಾನಿಕ್ಕುಗಳೆಲ್ಲ ಅವನನ್ನು ಗೇರಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಎಂಥ ಗೇರ್‌ಬಾಕ್ಸ್ ತಂದು ಸುರಿದರೂ ಬಿಚ್ಚಿ, ತೊಳೆದು, ಹಲ್ಲುಹಲ್ಲನ್ನೂ ಸವರಿ ನೋಡಿ ಮತ್ತೆ ಕೂರಿಸುವ ಆಸಾಮಿ. ಅವನ ಮೈ ಉರಿಸುವ ವಸ್ತು ಈ ಭೂಮಿಯ ಮೇಲೆ ಒಂದೇ ಒಂದು. ಅದು ತಾನಾಗಿಯೇ ಗೇರ್ ಬದಲಾಯಿಸಿಕೊಳ್ಳುವ ಆಟೊಮ್ಯಾಟಿಕ್ ಗಾಡಿ. "ಕಾಲು ಚಾಚ್ಕೊಂಡು ಕೂರೋದಾದ್ರೆ ಸೋಫಾ ತಗೊಳ್ಳಿ ಸ್ವಾಮಿ, ಗಾಡಿ ಯಾಕೆ?" ಎಂದು ಗಿರಾಕಿಗಳ ಮುಖಕ್ಕೇ ಹೇಳಿಬಿಡುತ್ತಿದ್ದ.

ಅವನ ಅಕ್ಕನ ಹತ್ತಿರ ಇದ್ದದ್ದು ಅಂಥದೇ ಗಾಡಿ. ದುಂಡು ಮೂತಿಯ ಹಳೇ ಪಿಕಪ್, ವಯಸ್ಸಿನಲ್ಲಿ ಅವಳಿಗೇ ಅಕ್ಕನಾಗಬೇಕು. ಅವಳು ಸಸಿ ಮಾರುವವಳು. ಹಿಂದುಗಡೆ ಕುಂಡಗಳನ್ನು ತುಂಬಿಕೊಂಡು ಮನೆಮನೆಗೆ, ಆಫೀಸುಗಳಿಗೆ ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅವಳ ಎಡಗಾಲಿನ ಕಸುವನ್ನೆಲ್ಲ ಹೀರಿಕೊಂಡು ಹೋಗಿತ್ತು. ಆ ಪಿಕಪ್‌ಗೆ ಎಡಗಾಲಿನಿಂದ ಒತ್ತುವ ಕ್ಲಚ್ಚೇ ಇಲ್ಲ, ಬಲಗಾಲೊಂದಿದ್ದರೆ ಸಾಕು. ಸೀಟು ಹತ್ತಿ ಕೂತಳೆಂದರೆ ಅವಳು ಯಾರಿಗೂ ಕಡಿಮೆಯಲ್ಲ, ಯಾರ ಹಂಗೂ ಇಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನದು ನಿಮಗೆ ಹೊಳೆದಿರಬೇಕು. ಹೊಳೆಯದೇ ಹೋದದ್ದು ಗೇರಪ್ಪನೊಬ್ಬನಿಗೆ.

ಏರು ಬಂದಾಗ ಗಾಡಿ ಬರೀ ಕೂಗುತ್ತದೆ, ಮುಂದೆ ಹೋಗುವುದಿಲ್ಲ ಎಂದು ಅಕ್ಕ ಅದನ್ನು ಅವನ ಶೆಡ್ಡಿಗೆ ತಂದು ಬಿಟ್ಟಳು. "ಏನಾಗಿದೆ ನೋಡಿ ಸರಿ ಮಾಡ್ಕೊಡೋ" ಎಂದಷ್ಟೇ ಹೇಳಿ, ಬಾಡಿಗೆ ಆಟೋ ಹತ್ತಿ ಹೋದಳು. ಗೇರಪ್ಪ ಬಿಚ್ಚಿ ನೋಡಿದ. ಒಳಗಿನ ಪ್ಲೇಟುಗಳೆಲ್ಲ ಸುಟ್ಟು ಕರಕಲಾಗಿದ್ದವು. ಹುಡುಕಿದ್ದರೆ ಹೊಸವು ಸಿಗುತ್ತಿದ್ದವು. ಆದರೆ ಮೂಲೆಯಲ್ಲಿ ಟಾರ್ಪಾಲಿನಡಿ ಅದೇ ಕಾಲದ, ಅದೇ ಜಾತಿಯ, ಕೈಯಿಂದ ಗೇರ್ ಹಾಕುವ ಬಾಕ್ಸೊಂದು ಬಹಳ ದಿನದಿಂದ ಅವನ ಆಸೆ ಕೆರಳಿಸುತ್ತಾ ಬಿದ್ದಿತ್ತು. ಅಕ್ಕನಿಗೆ ಜೀವಮಾನದಲ್ಲಿ ಏನೂ ಕೊಟ್ಟಿಲ್ಲ, ಇದನ್ನೇ ಕೊಡೋಣ ಎಂದು ಅವನ ಮನಸ್ಸು ಉಬ್ಬಿತು.

ಕೆಲಸವೇನೋ ನೋಡುವಂತಿತ್ತು, ಅದರಲ್ಲಿ ಎರಡು ಮಾತಿಲ್ಲ. ಫ್ಲೈವೀಲ್ ಬದಲಾಯಿಸಿದ, ಕ್ಲಚ್ ಪ್ಲೇಟ್ ಕೂರಿಸಿದ, ಬಾಕ್ಸ್ ಹೊರುವ ಅಡ್ಡಪಟ್ಟಿಯನ್ನು ಕೊಯ್ದು ಹಿಂದಕ್ಕೆ ಬೆಸೆದ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಅಳತೆಗೆ ತಕ್ಕಂತೆ ಮಾಡಿಸಿದ. ನೆಲದ ತಗಡಿನಲ್ಲಿ ತೂತು ಕೊರೆದು ಗೇರ್ ಕೋಲು ನಿಲ್ಲಿಸಿದ. ಬ್ರೇಕಿನ ಪಕ್ಕ ಹೊಸ ಕ್ಲಚ್ ಪೆಡಲ್ ಹಾಕಿ, ಅದರ ಬಿಗಿ ಹದಕ್ಕೆ ಬರುವವರೆಗೂ ತನ್ನ ಎಡಗಾಲಿನಲ್ಲಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದ. ಅಷ್ಟು ಸಲ ಒತ್ತಿದ ಪುಣ್ಯಾತ್ಮನಿಗೆ ಅಲ್ಲಿ ಕೂರುವ ಕಾಲು ಯಾರದು ಎಂಬ ಯೋಚನೆ ಒಮ್ಮೆಯೂ ಸುಳಿಯಲಿಲ್ಲ. ಅಕ್ಕ ಫೋನು ಮಾಡಿದರೆ, "ಬಂದು ನೋಡು, ಬಾಯಿ ಬಿಡ್ತೀಯ" ಎಂದು ನಗುತ್ತಿದ್ದ. ಹಳೇ ಬಾಕ್ಸನ್ನು ಗುಜರಿಯವನಿಗೆ ಎತ್ತಿ ಹಾಕಿ ಕೈ ತೊಳೆದುಕೊಂಡ.

ಅಕ್ಕ ಬಂದ ದಿನ ಪಕ್ಕದ ಶೆಡ್ಡಿನ ಪೇಂಟರ್ ನಾಲ್ಕಾರು ಜನರನ್ನು ಸೇರಿಸಿದ್ದ. ಅವರು ಅವಳು ಸೀಟಿನಲ್ಲಿ ಕೂತದ್ದನ್ನಷ್ಟೇ ಕಂಡವರು, ಕಾಲಿನ ವಿಷಯ ತಿಳಿಯದವರು. ಅವಳ ಆಟೋ ಪಿಕಪ್ಪಿನ ಬಾಗಿಲ ಪಕ್ಕಕ್ಕೇ ಬಂದು ನಿಂತಿತು. ಗೇರಪ್ಪ ಬಾಗಿಲು ತೆಗೆದು, "ಹತ್ತಮ್ಮ ಮಹಾರಾಣಿ" ಎಂದ. ಅವಳು ಹತ್ತಿ ಕೂತಳು. ಕೆಳಗೆ ನೋಡಿದಳು. ಹೊಸ ಪೆಡಲನ್ನೇ ನೋಡುತ್ತಾ ಕೂತಳು.

ಆಗ ಹೊಳೆಯಿತು ಗೇರಪ್ಪನಿಗೆ. ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು.

"ಏನಕ್ಕಾ, ತಮ್ಮನ ಕೈಕೆಲಸ ಹೇಗಿದೆ? ಒಂದ್ ರೌಂಡ್ ಹೊಡೀರಿ!" ಎಂದ ಪೇಂಟರ್.

ಅಕ್ಕ ತಲೆಯೆತ್ತಿ ಎಲ್ಲರಿಗೂ ಕಾಣುವಂತೆ ನಕ್ಕಳು. "ಇಷ್ಟು ಚೆನ್ನಾಗಿ ಮಾಡಿದಾನೆ, ಮೊದ್ಲನೇ ರೌಂಡ್ ಅವನೇ ಹೊಡೀಲಿ. ನಾನು ಪಕ್ಕದಲ್ಲಿ ಜಂಬವಾಗಿ ಕೂತ್ಕೋತೀನಿ" ಎಂದು ಸೀಟಿನ ಮೇಲೇ ಆಚೆಗೆ ಸರಿದಳು. ಜನ ಚಪ್ಪಾಳೆ ತಟ್ಟಿದರು. ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಅವನ ಮಾನ ಕಾಪಾಡಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ತಲೆ ತಗ್ಗಿಸಿಕೊಂಡು ಹತ್ತಿದ.

ಮೂಲೆ ತಿರುಗಿ ಖಾಲಿ ರಸ್ತೆ ಸಿಕ್ಕಾಗ ಅವಳು, "ನಿಲ್ಸು. ಈ ಕಡೆ ಬಾ, ನಾನೊಂದ್ಸಲ ನೋಡ್ತೀನಿ" ಎಂದಳು.

"ಬೇಡಕ್ಕಾ."

"ಬಾ ಅಂದ್ನಲ್ಲ."

ಅವನು ಇಳಿದು ಸುತ್ತಿ ಬಂದ. ಅವಳು ಸೀಟಿನ ಮೇಲೇ ಸ್ಟಿಯರಿಂಗ್ ಕಡೆಗೆ ಸರಿದು, ಎಡಗಾಲನ್ನು ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟಳು. ಅದು ಅಲುಗಲಿಲ್ಲ. ಎರಡೂ ಅಂಗೈಯನ್ನು ಮಂಡಿಯ ಮೇಲೂರಿ, ಹಲ್ಲು ಕಚ್ಚಿ ಒತ್ತಿದಳು. ಪೆಡಲ್ ಕೆಳಗಿಳಿಯಿತು. ಈಗ ಗೇರ್ ಹಾಕಲು ಕೈಯಿಲ್ಲ, ಸ್ಟಿಯರಿಂಗ್ ಹಿಡಿಯಲು ಕೈಯಿಲ್ಲ. ಹಾಗೇ ಕೂತಿದ್ದು, ಮೆಲ್ಲಗೆ ಬಿಟ್ಟಳು.

"ಹಳೇ ಬಾಕ್ಸು?"

"ಗುಜರಿಗೆ ಹಾಕ್ದೆ. ಒಡೆದೂ ಆಯ್ತಂತೆ. ಬೇರೆ ಹುಡುಕ್ತೀನಕ್ಕಾ, ಎಲ್ಲಿದ್ರೂ ತರ್ತೀನಿ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ..."

"ಹುಡುಕು" ಎಂದಳು ಅಕ್ಕ. "ನೆಂಟರು, ಗಿರಾಕಿಗಳು, ಬೀದಿಯವರು, ಎಲ್ರೂ ಮೊದ್ಲು ನನ್ನ ಕಾಲು ನೋಡ್ತಾರೆ, ಆಮೇಲೆ ಮುಖ. ನೀನೊಬ್ಬ ಚಿಕ್ಕೋನಿದ್ದಾಗಿಂದ ಕಾಲು ನೋಡಿದವನೇ ಅಲ್ಲ. ಅದು ಪ್ರೀತಿ ಅಂದ್ಕೊಂಡಿದ್ದೆ ಕಣೋ."

ಪ್ರೀತಿಯೇ ಅಕ್ಕಾ ಎನ್ನಲು ಗೇರಪ್ಪ ಬಾಯಿ ತೆರೆದ. ತನಗೇ ಗ್ಯಾರಂಟಿ ಇಲ್ಲದ್ದನ್ನು ಅವಳಿಗೆ ಹೇಗೆ ಹೇಳುವುದು? ಅವನು ಕೆಳಗಿಳಿದು ಬಾಗಿಲ ಹತ್ತಿರ ನಿಂತ. ಅವಳೂ ಇಳಿದು, ಬಾನೆಟ್ಟಿನ ಮುಂದಿನಿಂದ ಸುತ್ತಿ ಪಕ್ಕದ ಸೀಟಿನ ಕಡೆಗೆ ನಡೆಯತೊಡಗಿದಳು. ಅವನು ಆ ಎಡಗಾಲನ್ನೇ ನೋಡುತ್ತಿದ್ದ.

"ಈಗ್ಯಾಕೆ ನೋಡ್ತೀಯ?" ಎಂದಳು ಅಕ್ಕ. "ಹತ್ತು, ಮನೆಗೆ ಬಿಡು."