ಸೇಫ್ ಮೋಡಿನ ಅಂಬಾದಾಸ

ಅಕ್ಕಲಕೋಟದ ಬಸ್ ಸ್ಟ್ಯಾಂಡಿನೆದುರು ಕಂಪ್ಯೂಟರ್ ರಿಪೇರಿ ಮಾಡುವ ಅಂಬಾದಾಸನ ಕೈಯಲ್ಲಿ ಇದುವರೆಗೆ ಒಂದೂ ಕಂಪ್ಯೂಟರ್ ಸತ್ತಿಲ್ಲ. ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯವರು ಆಸೆ ಬಿಟ್ಟು ಹೂವಿನ ಹಾರ ಹಾಕಿ ಕಳಿಸಿದ್ದು ಕೂಡ ಎದ್ದು ಕೂತು ಪಾಸ್‌ವರ್ಡ್ ಕೇಳಿತಂತೆ. ಕುರಿ ಕಾಯ್ದ ಮನೆತನದವನು. ಚಾಲೂ ಆಗದ ಯಂತ್ರ ಬಂದರೆ ಮೊದಲು ಮೈ ಮುಟ್ಟಿ ಬಿಸಿ ನೋಡುತ್ತಾನೆ, ಕುರಿಗಾರರ ದೇವರು ಬಿರೋಬಾನ ಭಂಡಾರದ ಅರಿಶಿನ ಹಚ್ಚುತ್ತಾನೆ, ಆಮೇಲೆ ಸೇಫ್ ಮೋಡಿನಲ್ಲಿ ಎಬ್ಬಿಸುತ್ತಾನೆ. "ಜಡ್ಡು ಬಿದ್ದ ಕುರೀನ ಹಿಂಡಿನಿಂದ ಬ್ಯಾರೆ ಕಟ್ಟೂದಿಲ್ಲೇನ್ರಿ? ಹಂಗ. ಚಂದ ಇಲ್ಲ, ಇಂಟರ್‌ನೆಟ್ ಇಲ್ಲ, ದನಿ ಇಲ್ಲ, ಬರೇ ಜೀವ." ಮಂದ್ರೂಪದ ಮಾಸ್ತರರು "ಲಗೂ ಮಾಡೋ, ಸಾಲಿ ಚಾಲೂ ಆಗ್ತದ" ಎಂದರೆ, "ಥಾಂಬ್ರಿ, ತಡೀರಿ, ಇನ್ನಾ ಮೇಯಾಕತ್ತದ" ಎಂದು ಚಹಾ ತರಿಸುತ್ತಾನೆ. ಊರವರದೆಲ್ಲ ಸಂಜೆಯೊಳಗೆ ನೆಟ್ಟಗಾಗುತ್ತದೆ. ಅವನ ಸ್ವಂತ ಕಂಪ್ಯೂಟರ್ ಮಾತ್ರ ಎರಡು ವರ್ಷದಿಂದ ಸೇಫ್ ಮೋಡಿನಲ್ಲೇ ಇದೆ. ಮಧ್ಯಾಹ್ನ ಊಟದ ಹೊತ್ತಿಗೆ ಅದರಲ್ಲಿ ಒಂದೇ ಒಂದು ವಿಡಿಯೊ ಹಚ್ಚುತ್ತಾನೆ: ಎರಡು ವರ್ಷದ ಹಿಂದೆ ತೀರಿಹೋದ ಅಪ್ಪ ಮಲ್ಲಯ್ಯ ತಡವಳದ ಹೊಲದಲ್ಲಿ ನಿಂತು, ಬಾಯಿಗೆ ಕೈ ಹಿಡಿದು, ಸದ್ದೇ ಇಲ್ಲದೆ ಕುರಿಗಳನ್ನು ಕೂಗುತ್ತಾನೆ. ಹೆಂಡತಿ ಸಾರಿಕಾ ಬುತ್ತಿ ಬಿಚ್ಚುತ್ತ, "ಮಂದೀದೆಲ್ಲಾ ರಿಪೇರಿ ಮಾಡ್ತೀರಿ, ನಿಮ್ಮದ್ ಮಾಡ್ಕೊಳ್ಳಾಕ ಬರೂದಿಲ್ಲೇನು? ಹತ್ತು ಮಿನಿಟಿನ ಕೆಲಸ!" ಎಂದು ದಿನಾ ಚುಚ್ಚುತ್ತಾಳೆ. "ಬರ್ತದ," ಎನ್ನುತ್ತಾನೆ ಅಂಬಾದಾಸ, ರೊಟ್ಟಿ ಮುರಿಯುತ್ತ. "ಮಾಡಿದ್ರ ಅಪ್ಪನ ದನಿ ಬರ್ತದಲ್ಲ. ಇನ್ನೊಂದೀಟು ದಿವಸ ಥಾಂಬ."