ಕೇಕಮ್ಮನ ಕೈ

ಕೆಳಮನೆಯ ಕೇಕಮ್ಮ ಮೂವತ್ತು ವರ್ಷದಿಂದ ಬೇಕರಿಯಲ್ಲಿ ಅಚ್ಚುಗಳಿಂದ ಕೇಕ್ ಬಿಡಿಸುವವರು. ಆ ಕೈಯೇ ಅವರ ಅನ್ನ. ಗಡಿಯಾರ ನೋಡುತ್ತಿರಲಿಲ್ಲ, ಅಚ್ಚಿಗೆ ಬೆರಳು ತಾಗಿಸಿಯೇ ಹದ ಹೇಳುತ್ತಿದ್ದರು. "ಸುಡುವಾಗ ಮಗುಚಿದ್ರೆ ಮುರಿಯುತ್ತೆ, ಪೂರ್ತಿ ಆರಿದ್ರೆ ಅಂಟಿಕೊಳ್ಳುತ್ತೆ ಕಣೇ. ಗಂಡಂದಿರ ಹಾಗೆ, ಬೆಚ್ಚಗಿದ್ದಾಗಲೇ ಮಾತಿಗೆ ಬಗ್ಗೋದು" ಎಂದು ನಗಿಸುತ್ತಿದ್ದರು.

ಮಗಳ ಮೊದಲ ಹುಟ್ಟುಹಬ್ಬಕ್ಕೆ ಮೊಲದ ಅಚ್ಚಿನಲ್ಲಿ ಕೇಕ್ ಬೇಯಿಸಿ ಅವರನ್ನೇ ಕರೆದೆ. ಓವನ್‌ನಿಂದ ತೆಗೆದು ಎರಡು ನಿಮಿಷವೂ ಆಗಿರಲಿಲ್ಲ. ಮಗು ಎಲ್ಲಿ ಕೈಹಾಕೀತೋ ಎಂದು ನಾನು ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು ದೂರ ನಿಂತಿದ್ದೆ. ಕೇಕಮ್ಮ ಅಚ್ಚಿನ ಮೇಲೆ ಐದೂ ಬೆರಳಿಟ್ಟು, "ಹದವಾಗಿದೆ" ಎಂದು ತಟ್ಟೆಗೆ ಮಗುಚಿದರು. ಮೊಲದ ಕಿವಿ, ಮೂತಿ ಅಚ್ಚಿನಲ್ಲೇ ಉಳಿದವು.

"ಅಯ್ಯೋ, ನಿಮ್ಮ ಕೈ!" ಎಂದೆ. ಬೆರಳ ತುದಿಗಳಲ್ಲಿ ಬೊಬ್ಬೆ ಏಳುತ್ತಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ನಲ್ಲಿಯ ಕೆಳಗೆ ಕೈಯೊಡ್ಡಿ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಸಕ್ಕರೆ ಕಾಯಿಲೆ ಬಂದಾಗಿಂದ ಜೋಮು ಹಿಡಿದ ಹಾಗಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ. ಬೇಕರಿಯವರಿಗೆ ಹೇಳ್ಬೇಡಮ್ಮ."

ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಎಂದಿನ ಹೊತ್ತಿಗೇ ಕೆಲಸಕ್ಕೆ ಹೊರಟಿದ್ದರು. ಕೂಗಿ ತಡೆಯಬೇಕೆನಿಸಿತು. ತಡೆದು ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅವರು ತಿರುವು ದಾಟಿದ್ದರು.